ಬಿಳಿ ಬಳೆ ಕರಗುವ ಹೊತ್ತು

ಕನ್ನಡಿಯಂತೆ ಉಜ್ಜಿದ ಕಬ್ಬಿಣದ ಮೇಲೆ ನೈಟಲ್ ಬಿದ್ದಾಗ ಮೊದಲ ಎರಡು ಸೆಕೆಂಡು ಏನೂ ಆಗುವುದಿಲ್ಲ. ಮೂರನೆಯದಕ್ಕೆ ಅಂಚಿನಲ್ಲಿ ಉಸಿರು ತಾಗಿದ ಗಾಜಿನಂಥ ಮಬ್ಬು. ನಾಲ್ಕು, ಐದು ಎನ್ನುವಷ್ಟರಲ್ಲಿ ಆ ಮಬ್ಬು ಒಳಕ್ಕೆ ಹಬ್ಬುತ್ತದೆ. ಬೆಳ್ಳಿಯ ಬಿಳುಪು ಹೋಗಿ ಬೂದಿ ಬಣ್ಣ, ಬೂದಿಯೊಳಗೆ ಎಲ್ಲೋ ತೆಳುವಾದ ಕಂದು, ಓರೆಯಾಗಿ ಹಿಡಿದರೆ ಪಾರಿವಾಳದ ಕೊರಳಲ್ಲಿ ಕಾಣುವಂಥ ನೀಲಿಯ ಒಂದು ಎಳೆ. ಆರಕ್ಕೆ ನಲ್ಲಿಯ ಕೆಳಗೆ ಹಿಡಿದುಬಿಡಬೇಕು. ತಡವಾದರೆ ಎಲ್ಲವೂ ಕಪ್ಪಿಟ್ಟು, ಮತ್ತೆ ಎಮರಿ ಕಾಗದದಿಂದ ಶುರು.

ಬೆಳಗಾವಿಯ ಉದ್ಯಮಬಾಗಿನ ಒಂದು ಫೌಂಡ್ರಿಯ ಪರೀಕ್ಷಾ ಕೋಣೆಯಲ್ಲಿ ನಾನು ಈ ಆರು ಸೆಕೆಂಡುಗಳನ್ನು ಎಷ್ಟು ಸಂಜೆ ಎಣಿಸಿದ್ದೇನೋ. ಪಡುವಣ ಕಿಟಕಿಯ ಪಕ್ಕ ಸೂಕ್ಷ್ಮದರ್ಶಕ. ಗೋಡೆಯಾಚೆ ಎರಕದಿಂದ ಮರಳು ಉದುರಿಸುವ ನಾಕ್‌ಔಟ್ ಜಾಲರಿಯ ಗಡಗಡ. ಅದು ನಿಂತಾಗ ಮರಳು ಸುರಿಯುವ ಸದ್ದು, ಬೇಸಿಗೆಯಲ್ಲಿ ಒಣ ಎಲೆಯ ಮೇಲೆ ಹಲ್ಲಿ ಓಡಿದ ಹಾಗೆ. ಕಾಡಿನಲ್ಲಿ ಕೂತು ಹಕ್ಕಿ ನೋಡುವವರು ಮರದ ಬುಡ ಹುಡುಕುತ್ತಾರೆ. ನನಗೆ ಈ ಸ್ಟೂಲು.

ನೈಟಲ್ ಎಂದರೆ ಸ್ಪಿರಿಟ್ಟಿನಲ್ಲಿ ನೂರಕ್ಕೆ ಎರಡು ಮೂರು ಪಾಲು ನೈಟ್ರಿಕ್ ಆಮ್ಲ. ಅದನ್ನು ಹಚ್ಚುವ ಮುಂಚೆಯೂ ಒಮ್ಮೆ ನೋಡುವುದು ನನ್ನ ರೂಢಿ. ಆಗ ಕಾಣುವುದು ಬಿಳಿ ಬಯಲು, ಅದರ ಮೇಲೆ ಚೆಲ್ಲಿದ ಕರಿ ರಾಗಿ. ಆ ಒಂದೊಂದು ಕಾಳೂ ಗ್ರಾಫೈಟಿನ ಉಂಡೆ. ಅಡ್ಡಳತೆ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲು. ನಾನೂರು ಪಟ್ಟು ಹಿಗ್ಗಿಸಿದರೆ ಉಂಡೆ ಬರೀ ಕಪ್ಪಾಗಿ ಉಳಿಯುವುದಿಲ್ಲ. ನಡುವಿನಿಂದ ಅಂಚಿಗೆ ಹರಿದ ಗೆರೆಗಳು, ಗೆರೆಗಳ ನಡುವೆ ಸೀಸದಕಡ್ಡಿಯ ಹೊಳಪು, ಒಟ್ಟಿನಲ್ಲಿ ಬಿರಿದ ಚೆಂಡುಹೂವನ್ನು ಮೇಲಿನಿಂದ ನೋಡಿದ ಹಾಗೆ. ಇಲ್ಲಿಯವರು ಎಸ್‌ಜಿ ಐರನ್ ಎಂದು ಕರೆಯುವ ಬೀಡು ಕಬ್ಬಿಣ ಇದು. ಹಳೆಯ ಬೂದು ಬೀಡಿನಲ್ಲಿ ಇದೇ ಗ್ರಾಫೈಟು ಎಳೆ ಎಳೆಯಾಗಿ, ಮಡಿಸಿ ಬಿಸಾಡಿದ ಒಣ ಎಲೆಗಳಂತೆ ಹರಡಿಕೊಂಡಿರುತ್ತದೆ; ಬಿರುಕು ಆ ಎಲೆಗಳ ಅಂಚು ಹಿಡಿದೇ ಓಡುತ್ತದೆ. ಉಂಡೆಗೆ ಅಂಥ ಅಂಚು ಇಲ್ಲ.

ಉಂಡೆಯ ಹುಟ್ಟಿನಲ್ಲೇ ತಾಮ್ರ ಜೊತೆಗಿತ್ತು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1943ರಲ್ಲಿ ಇನ್ಕೋ ಕಂಪನಿಯ ಪ್ರಯೋಗಾಲಯದಲ್ಲಿ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ಮೆಗ್ನೀಸಿಯಂ ಹಾಕಿ ನೋಡಿದರು. ಮೆಗ್ನೀಸಿಯಂ ಸುಮಾರು 1090 ಡಿಗ್ರಿಗೇ ಕುದಿದು ಆವಿಯಾಗುವ ಲೋಹ. ಅದಕ್ಕಿಂತ ಮುನ್ನೂರು ನಾನೂರು ಡಿಗ್ರಿ ಹೆಚ್ಚು ಕಾದ ಕಬ್ಬಿಣಕ್ಕೆ ಅದನ್ನು ಹಾಗೇ ಹಾಕಿದರೆ ಸಿಡಿಯುತ್ತದೆ. ಅವರು ತಾಮ್ರದ ಜೊತೆ ಬೆರೆಸಿದ ಮಿಶ್ರಲೋಹವಾಗಿ ಹಾಕಿದರು. ಆರಿದ ಎರಕವನ್ನು ಕೊಯ್ದು ನೋಡಿದಾಗ ಎಲೆಗಳಿರಲಿಲ್ಲ, ಉಂಡೆಗಳಿದ್ದವು. ಇನ್ಕೋಗೆ ಇದರ ಪೇಟೆಂಟ್ ಸಿಕ್ಕಿದ್ದು 1949ರಲ್ಲಿ. ಅಂದು ಜನ ಉಂಡೆಯನ್ನು ನೋಡಿದರು, ಮೆಗ್ನೀಸಿಯಮ್ಮನ್ನು ಹೊಗಳಿದರು. ತಾಮ್ರ ಹೊತ್ತು ತಂದ ಗಾಡಿ ಮಾತ್ರ ಎನಿಸಿಕೊಂಡಿತು. ಆದರೆ ಗಾಡಿಯೂ ಒಳಗೇ ಉಳಿದಿತ್ತು.

ಆ ಉಳಿದದ್ದು ಏನು ಮಾಡುತ್ತದೆ ಎಂದು ನೋಡಲು ನಾನು ಮೂರು ತುಂಡು ಮಾಡಿಸಿಕೊಂಡೆ. ಮಾಡಿಕೊಟ್ಟವರು ಆ ಫೌಂಡ್ರಿಯ ಹಿರಿಯ ಮೆಲ್ಟರ್. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ. ಇಂಡಕ್ಷನ್ ಕುಲುಮೆಯ ಮೆಟಲ್ಲು 1500 ಡಿಗ್ರಿಯ ಆಸುಪಾಸಿನಲ್ಲಿ, ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚಿನ ಆಕಾಶದ ಹಳದಿಯಲ್ಲಿ ದೊಡ್ಡ ಲ್ಯಾಡಲ್ಲಿಗೆ ಇಳಿಯಿತು. ತಳದಲ್ಲಿ ಮುಚ್ಚಿಟ್ಟಿದ್ದ ಮೆಗ್ನೀಸಿಯಂ ಎದ್ದಿತು. ಆ ಬೆಳಕಿಗೆ ಕಪ್ಪು ಕನ್ನಡಕದೊಳಗೂ ಕಣ್ಣು ಕಿರಿದಾಗುತ್ತದೆ. ಛಾವಣಿಯ ತಗಡಿನ ಒಂದೊಂದು ಮೊಳೆಗೂ ನೆರಳು ಮೂಡಿ, ಬಿಳಿ ಹೊಗೆ ಮೇಲೆ ಸುತ್ತಿ, ಸುಮಾರು ಅರ್ಧ ನಿಮಿಷದಲ್ಲಿ ಎಲ್ಲ ತಣ್ಣಗಾಯಿತು. ಕಿಟ್ಟ ಎಳೆದ ಮೇಲೆ ಮೂರು ಕೈ ಲ್ಯಾಡಲ್‌ಗಳಿಗೆ ಐವತ್ತು ಐವತ್ತು ಕಿಲೋ ಹಂಚಿದರು. ಒಂದಕ್ಕೆ ತಾಮ್ರ ಇಲ್ಲ. ಎರಡನೆಯದಕ್ಕೆ 200 ಗ್ರಾಂ, ಎಂದರೆ ಶೇಕಡಾ 0.4. ಮೂರನೆಯದಕ್ಕೆ 400 ಗ್ರಾಂ, ಶೇಕಡಾ 0.8.

ಕಾಕಾ ತಾಮ್ರದ ತಂತಿಯ ತುಂಡುಗಳನ್ನು ಕುಲುಮೆಯ ಅಂಚಿನಲ್ಲಿ ಬಿಸಿಗಿಟ್ಟು, ಒದ್ದೆ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಲ್ಯಾಡಲ್ಲಿಗೆ ಹಾಕಿದ್ದರು. ಹೊಸ ತಂತಿಯ ಬಣ್ಣ, ಮಳೆ ಬಿದ್ದ ಮರುದಿನದ ಕೆಮ್ಮಣ್ಣಿಗಿಂತ ಒಂದಿಷ್ಟು ಗುಲಾಬಿ. ಮೆಟಲ್ಲು ಮೇಲೆ ಬಿದ್ದಾಗ ಆ ತುಂಡುಗಳು ಕೆಂಪಗೆ ಕಾಣಲಿಲ್ಲ. ಅಷ್ಟು ಬೆಳಕಿನ ನಡುವೆ ಅವು ಒಂದು ಕ್ಷಣ ಕಪ್ಪಗಿದ್ದವು, ಹೊಳೆಯೊಳಗೆ ಮೀನಿನ ಬೆನ್ನು ಕಂಡ ಹಾಗೆ. ಮರುಕ್ಷಣ ಇರಲಿಲ್ಲ. ತಾಮ್ರ ಕರಗುವುದು 1085 ಡಿಗ್ರಿಗೆ. ಈ ಕಾವಿನಲ್ಲಿ ಅದಕ್ಕೆ ಗಟ್ಟಿಯಾಗಿರಲು ಬಿಡುವೇ ಇಲ್ಲ. ಹೊಗೆ ಬರಲಿಲ್ಲ, ಕಿಡಿ ಏಳಲಿಲ್ಲ. ಸುಟ್ಟು ಹೋದೀತೇ, ಒಂದಿಷ್ಟು ಹೆಚ್ಚೇ ಹಾಕಬೇಕಿತ್ತೇ ಎಂದು ನಾನು ಕೇಳಿದೆ.

"ಹೆಚ್ಚಿಗಿ ಯಾಕ್ರಿ ಸರ?" ಎಂದರು ಕಾಕಾ. "ಮ್ಯಾಗ್ನೀಸಿಯಂ ಹಾರಿ ಹೋಗತೈತಿ, ಮ್ಯಾಂಗನೀಜ್ ಒಂಚೂರು ಸುಟ್ಟು ಕಿಟ್ಟಕ್ಕ ಹೋಗತೈತಿ. ತಾಮ್ರಾ ಹಂಗಲ್ರಿ. ಅದು ಸೊಸಿ ಇದ್ದಂಗ. ಒಮ್ಮೆ ಮನಿ ತುಂಬಿಸಿಕೊಂಡ್ರ ಮುಗೀತು, ಇಲ್ಲೇ ಇರತೈತಿ."

ಅವರ ಮಾತು ರಸಾಯನಶಾಸ್ತ್ರದ ಪ್ರಕಾರವೂ ಅಕ್ಷರಶಃ ನಿಜ. ಕರಗಿದ ಕಬ್ಬಿಣದಲ್ಲಿ ಆಮ್ಲಜನಕ ಮೊದಲು ಕಬ್ಬಿಣವನ್ನೇ ಹಿಡಿಯುತ್ತದೆಯೇ ಹೊರತು ತಾಮ್ರವನ್ನಲ್ಲ. ಹಾಕಿದಷ್ಟೂ ಉಳಿಯುತ್ತದೆ. ಹಾಕದೆ ಬಂದದ್ದೂ ಉಳಿಯುತ್ತದೆ.

ಮೂರೂ ಲ್ಯಾಡಲ್ಲುಗಳಿಂದ ಎರೆದ ಪರೀಕ್ಷಾ ತುಂಡುಗಳಾದ ವೈ ಬ್ಲಾಕ್‌ಗಳು ಕಪ್ಪು ಮರಳಿನೊಳಗೆ ರಾತ್ರಿಯಿಡೀ ಆರಿದವು. ನಾನು ಒಂದೊಂದರೊಳಗೂ ತಾಪ ಅಳೆಯುವ ಥರ್ಮೋಕಪಲ್ ಇಟ್ಟು ಪಕ್ಕದಲ್ಲಿ ಕೂತೆ. ಬೀಡು ಆರುವುದನ್ನು ನೋಡುವುದೆಂದರೆ ಸಂಜೆ ಇಳಿಯುವುದನ್ನು ನೋಡಿದಂತೆ. ಗಮನವಿಟ್ಟರೆ ಮಾತ್ರ ಅದರಲ್ಲಿ ಮೆಟ್ಟಿಲುಗಳಿವೆ ಎಂದು ತಿಳಿಯುತ್ತದೆ. ಮೊದಲ ಮೆಟ್ಟಿಲು 1150ರ ಹತ್ತಿರ. ಅಲ್ಲಿ ಅಂಕಿ ಇಳಿಯುವುದನ್ನು ನಿಲ್ಲಿಸಿ ತುಸು ಹೊತ್ತು ತಡೆಯುತ್ತದೆ. ದ್ರವ ಘನವಾಗುತ್ತಿದೆ, ಉಂಡೆಗಳು ಬೆಳೆಯುತ್ತಿವೆ, ಬಚ್ಚಿಟ್ಟ ಶಾಖ ಹೊರಬರುತ್ತಿದೆ. ಆಮೇಲೆ ದೀರ್ಘ ಇಳಿಜಾರು. ಮತ್ತೊಂದು ಮೆಟ್ಟಿಲು 700ರಿಂದ 800ರ ನಡುವೆ. ಹೊರಗಿನಿಂದ ನೋಡಿದರೆ ಎರಕ ಆಗಲೇ ಗಟ್ಟಿ. ಏನು ಆಗಬೇಕೋ ಆಗಿ ಮುಗಿದಿದೆ ಎನಿಸುತ್ತದೆ. ನಿಜವಾದ ಕಥೆ ಆಗುವುದು ಅಲ್ಲಿಯೇ. ತಾಮ್ರವಿಲ್ಲದ ತುಂಡು ಆ ಮೆಟ್ಟಿಲನ್ನು ಬೇಗ, ಮೇಲೆಯೇ ಮುಟ್ಟಿತು. ತಾಮ್ರ ಹೆಚ್ಚಿದ್ದ ತುಂಡು ಅದಕ್ಕಿಂತ ಕೆಳಗಿಳಿದು, ತಣ್ಣಗಾದ ಮೇಲೆ ನಿಂತಿತು. ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದೆ. ಆಗ ಹೊರಗೆ ಮಳೆ ಶುರುವಾಗಿತ್ತು.

ಮರುದಿನ ಸಂಜೆ ತಾಮ್ರವಿಲ್ಲದ ತುಂಡನ್ನು ಮೊದಲು ಇಟ್ಟೆ. ನೈಟಲ್ ತಾಗಿದರೂ ಅದು ಹೆಚ್ಚು ಕಪ್ಪಾಗಲಿಲ್ಲ. ಲೆನ್ಸಿನ ಕೆಳಗೆ ಹಾಲುಬಿಳಿ ಬಯಲು, ಬಯಲಿನ ತುಂಬ ಕೂದಲೆಳೆಯ ಗೆರೆಗಳು, ನೀರು ಬತ್ತಿದ ಕೆರೆಯಂಗಳ ಬಿರಿದಂತೆ. ಆ ಬಿಳುಪು ಫೆರೈಟ್. ಇಂಗಾಲ ಬಹುಪಾಲು ತೊರೆದು ಹೋದ ಮೆದು ಕಬ್ಬಿಣ. ಇಂಗಾಲ ಎಲ್ಲಿ ಹೋಯಿತೆಂದು ಕೇಳಬೇಕಿಲ್ಲ. ಕರಿ ಉಂಡೆಗಳು ದುಂಡಗೆ, ತುಂಬಿಕೊಂಡು ಕೂತಿದ್ದವು.

ಶೇಕಡಾ 0.4ರ ತುಂಡಿನಲ್ಲಿ ನೋಟವೇ ಬೇರೆ. ಬಯಲು ಕಪ್ಪುಕಂದು. ಅದರಲ್ಲಿ ಪ್ರತಿಯೊಂದು ಉಂಡೆಯ ಸುತ್ತ ಒಂದು ಬಿಳಿ ಬಳೆ. ಹಿತ್ತಲ ಕರಿಬೇವಿನ ಗಿಡಕ್ಕೆ ಬೆಳಿಗ್ಗೆ ಬರುವ ಹಳದಿ ಹಸಿರಿನ ಬಿಳಿಗಣ್ಣ ಹಕ್ಕಿಯ ಕಣ್ಣು ನೋಡಿದವರಿಗೆ ಬೇರೆ ಹೋಲಿಕೆ ಬೇಡ: ನಡುವೆ ಕಪ್ಪು ಗೋಲಿ, ಅದರ ಸುತ್ತ ಸುಣ್ಣದಲ್ಲಿ ಬರೆದಂಥ ವೃತ್ತ. ಲೋಹಶಾಸ್ತ್ರದವರು ಇದಕ್ಕೆ ಗೂಳಿಗಣ್ಣು ಎಂಬರ್ಥದ ಹೆಸರಿಟ್ಟಿದ್ದಾರೆ, ನನಗದು ಒಪ್ಪುವುದಿಲ್ಲ. ಗೂಳಿಯ ಕಣ್ಣಿನಲ್ಲಿ ಇಷ್ಟು ಚೊಕ್ಕವಾದ ಬಳೆ ನಾನು ಕಂಡಿಲ್ಲ.

ಬಳೆ ಹೇಗೆ ಮೂಡುತ್ತದೆ? ಕೆಂಪಗೆ ಕಾದ ಕಬ್ಬಿಣ, ಎಂದರೆ ಆಸ್ಟೆನೈಟ್, ತನ್ನೊಳಗೆ ಇಂಗಾಲವನ್ನು ಕರಗಿಸಿ ಇಟ್ಟುಕೊಂಡಿರುತ್ತದೆ. ಎರಡನೆಯ ಮೆಟ್ಟಿಲಿಗೆ ಬಂದಾಗ ಆ ಹೊರೆಯನ್ನು ಇಳಿಸಲೇಬೇಕು. ಇಳಿಸಲು ಎರಡೇ ದಾರಿ. ಹತ್ತಿರದ ಗ್ರಾಫೈಟ್ ಉಂಡೆಯವರೆಗೆ ಇಂಗಾಲ ನಡೆದು ಹೋಗಿ ಅದರ ಮೈಗೆ ಸೇರಿಕೊಳ್ಳಬಹುದು; ಹೊರಟು ಬಂದ ಜಾಗ ಬಿಳಿ ಫೆರೈಟ್ ಆಗಿ ಉಳಿಯುತ್ತದೆ. ಬಿಳಿ ಬಳೆ ಎಂದರೆ ಇಂಗಾಲ ನಡೆದು ಹೋದ ದಾರಿಯ ಗುರುತು. ನಡೆಯಲು ಸಮಯವಿಲ್ಲದಿದ್ದರೆ, ಅಥವಾ ದಾರಿ ಕಟ್ಟಿದ್ದರೆ, ಇದ್ದಲ್ಲೇ ಕಬ್ಬಿಣದೊಡನೆ ಕೂಡಿ ಸಿಮೆಂಟೈಟ್ ಎಂಬ ಗಡಸು ಹಾಳೆಯಾಗಬೇಕು. ಒಂದು ಹಾಳೆ ಫೆರೈಟ್, ಒಂದು ಹಾಳೆ ಸಿಮೆಂಟೈಟ್, ಮತ್ತೊಂದು ಫೆರೈಟ್, ಹೀಗೆ ಪದರ ಪದರ. ಅದು ಪರ್ಲೈಟ್.

ಪರ್ಲೈಟಿನ ಮೇಲೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ನೂರು ಪಟ್ಟಿನಲ್ಲಿ ಅದು ಬರೀ ಕೊಳಕು ಕಪ್ಪು. ನಾನೂರಕ್ಕೆ ಹೋಗಿ, ಫೋಕಸ್ ಚಕ್ರವನ್ನು ಉಸಿರು ಹಿಡಿದು ತಿರುಗಿಸಿದರೆ ಕಪ್ಪು ಬಿಚ್ಚಿಕೊಂಡು ಗೆರೆಗಳಾಗುತ್ತದೆ. ಮಳೆಗಾಲದ ಮೊದಲು ಯಳ್ಳೂರು ಗಡದ ಮೇಲೆ ನಿಂತು ಕೆಳಗಿನ ಹೊಲಗಳನ್ನು ನೋಡಿದರೆ ಹೀಗೇ. ಈ ಹೊಲದ ಸಾಲು ಉತ್ತರಕ್ಕೆ, ಬದು ದಾಟಿದರೆ ಸಾಲು ಪಡುವಣಕ್ಕೆ, ಮೂಲೆಯ ತುಂಡಿನಲ್ಲಿ ಸಾಲುಗಳು ಬಾಗಿ ಹೋಗಿವೆ. ಬೆಳಕು ಬೀಳುವ ಕೋನ ಬದಲಾದರೆ ಒಂದು ಹೊಲ ಮಿಂಚಿ ಇನ್ನೊಂದು ಮಸುಕಾಗುತ್ತದೆ. 1860ರ ದಶಕದಲ್ಲಿ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಉಕ್ಕನ್ನು ಹೀಗೆ ಉಜ್ಜಿ, ಆಮ್ಲ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಮಿಂಚು ಅವರಿಗೆ ಮುತ್ತಿನ ಚಿಪ್ಪಿನ ಹೊಳಪನ್ನು ನೆನಪಿಸಿತು. ಹೆಸರು ಅಲ್ಲಿಂದ ಬಂತು.

ಶೇಕಡಾ 0.8ರ ತುಂಡಿನಲ್ಲಿ ಬಳೆಗಳಿರಲಿಲ್ಲ. ಎಲ್ಲಿ ನೋಡಿದರೂ ಉತ್ತ ಹೊಲ, ಹೊಲದ ನಡುವೆ ನೇರವಾಗಿ ಕೂತ ಕರಿ ಉಂಡೆ. ಹುಡುಕಿ ಹುಡುಕಿ ಕೆಲವು ಉಂಡೆಗಳ ಒಂದು ಮಗ್ಗುಲಲ್ಲಿ ಬಿದಿಗೆಯ ಚಂದ್ರನಷ್ಟು ತೆಳುವಾದ ಬಿಳಿ ಗೀರು ಕಂಡೆ. ಅಷ್ಟೇ ಉಳಿದಿತ್ತು. ತಾಮ್ರದ ಬಣ್ಣ, ತಾಮ್ರದ ಚೂರು, ತಾಮ್ರ ಎನ್ನಬಹುದಾದ ಏನೊಂದೂ ಎಲ್ಲಿಯೂ ಇರಲಿಲ್ಲ. ಹುಲಿಯಿರುವ ಕಾಡಿನಲ್ಲಿ ಹುಲಿ ಕಾಣದೆ ಹೆಜ್ಜೆ ಮಾತ್ರ ಕಾಣುತ್ತದೆ. ಇಲ್ಲಿ ಹೆಜ್ಜೆಯೂ ಇಲ್ಲ. ಇರಬೇಕಾಗಿದ್ದ ಒಂದು ಬಿಳುಪು ಇಲ್ಲದಿರುವುದೇ ಗುರುತು.

ಹೇಗೆ ಮಾಡಿತು ಎಂಬುದಕ್ಕೆ ಬಲ್ಲವರು ಎರಡು ಕಾರಣ ಕೊಡುತ್ತಾರೆ. ಗ್ರಾಫೈಟಿನೊಳಗೆ ತಾಮ್ರ ಸೇರದು. ಹಾಗಾಗಿ ಅದು ಉಂಡೆಯ ಹೊರಮೈಯಲ್ಲಿ ತೆಳುವಾಗಿ ಕೂಡಿಕೊಂಡು, ಒಳಬರುವ ಇಂಗಾಲಕ್ಕೆ ಬಾಗಿಲು ಹಾಕುತ್ತದೆ ಎಂಬುದು ಒಂದು. ಆಸ್ಟೆನೈಟ್ ಒಡೆಯುವ ತಾಪವನ್ನೇ ತಾಮ್ರ ಕೆಳಗಿಳಿಸುತ್ತದೆ, ತಣ್ಣಗಾದ ಕಬ್ಬಿಣದಲ್ಲಿ ಇಂಗಾಲದ ನಡಿಗೆ ನಿಧಾನವಾಗಿ ದಾರಿಯಲ್ಲೇ ಸಿಕ್ಕಿಬೀಳುತ್ತದೆ ಎಂಬುದು ಇನ್ನೊಂದು. ನೋಟ್‌ಬುಕ್ಕಿನ ಮೂರು ಗೆರೆಗಳನ್ನು ನೋಡಿದಾಗ ನನ್ನ ಮನಸ್ಸು ಎರಡನೆಯದಕ್ಕೆ ವಾಲುತ್ತದೆ. ಮೊದಲನೆಯದನ್ನು ಬಿಟ್ಟುಕೊಡಲು ಬಳೆಯ ಆ ತೆಳು ಗೀರು ಬಿಡುವುದಿಲ್ಲ, ಯಾಕೆಂದರೆ ಬಳೆ ಸಾಯುವುದು ಉಂಡೆಯ ಅಂಚಿನಲ್ಲೇ.

ಇಂಗಾಲವನ್ನು ಹಿಡಿದು ನಿಲ್ಲಿಸುವ ಲೋಹಗಳು ಬೇರೆಯೂ ಇವೆ. ಮ್ಯಾಂಗನೀಸ್ ಇದೆ, ಕ್ರೋಮಿಯಂ ಇದೆ. ತವರ ಇದೆ, ಅದರ ಬಲ ತಾಮ್ರದ ಸುಮಾರು ಹತ್ತು ಪಟ್ಟು, ತೀರ ಸಣ್ಣ ವ್ಯತ್ಯಾಸಕ್ಕೇ ಎರಕದ ಗುಣ ಬದಲಾದೀತು. ಆದರೆ ತಾಮ್ರದ ನಡತೆಯಲ್ಲಿ ನನಗೆ ಕಾಣುವ ಸೌಜನ್ಯ ಬೇರೆಯವುಗಳಲ್ಲಿ ಕಂಡಿಲ್ಲ. ಮ್ಯಾಂಗನೀಸ್, ಕ್ರೋಮಿಯಂ ಮೊದಲ ಮೆಟ್ಟಿಲಿನಿಂದಲೇ ಇಂಗಾಲವನ್ನು ಗ್ರಾಫೈಟ್ ಆಗಲು ಬಿಡದೆ ಕಾರ್ಬೈಡ್ ಮಾಡುತ್ತವೆ. ಅವು ಉಂಡೆಗಳಿಂದ ದೂರ, ಕೊನೆಗೆ ಹೆಪ್ಪುಗಟ್ಟುವ ಸಂದುಗಳಿಗೆ ತಳ್ಳಿಸಿಕೊಂಡು ಹೋಗಿ ಅಲ್ಲಿ ಗಾಜಿನಂತೆ ಪೆಡಸಾದ ಬಿಳಿ ಚೂರುಗಳನ್ನು ಬಿಡುತ್ತವೆ. ತಾಮ್ರ ಹಾಗಲ್ಲ. ಹೆಪ್ಪುಗಟ್ಟುವಾಗ ಅದು ಸಿಲಿಕಾನಿನ ಕಿರಿಯ ತಮ್ಮ. ಅಣ್ಣನಷ್ಟು ಬಲವಿಲ್ಲದಿದ್ದರೂ ಇಂಗಾಲ ಗ್ರಾಫೈಟ್ ಆಗಲು ನೆರವಾಗುತ್ತದೆ. ಬೆಣೆಯಾಕಾರದ ಚಿಲ್ ತುಂಡನ್ನು ಎರೆದು ಒಡೆದು ನೋಡಿದರೆ ತುದಿಯ ಬಿಳಿ ಕಾರ್ಬೈಡ್ ಭಾಗ ತಾಮ್ರ ಹಾಕಿದ್ದರಲ್ಲಿ ಗಿಡ್ಡ. ಉಂಡೆಗಳ ನೆರೆಯಲ್ಲೇ, ಮೊದಲು ಗಟ್ಟಿಯಾಗುವ ಕಬ್ಬಿಣದಲ್ಲೇ ಅದರ ವಾಸ. ನಾಲ್ಕು ನೂರು ಡಿಗ್ರಿ ಇಳಿದ ಮೇಲೆ, ಎರಡನೆಯ ಮೆಟ್ಟಿಲಿನಲ್ಲಿ, ಅಣ್ಣ ಬಿಳಿ ಫೆರೈಟಿನ ಕಡೆ ನಿಂತರೆ ತಮ್ಮ ಪರ್ಲೈಟಿನ ಕಡೆ ನಿಲ್ಲುತ್ತಾನೆ. ಒಂದೇ ಪರಮಾಣು, ಒಂದೇ ರಾತ್ರಿ, ಎರಡು ಬೇರೆ ಕೆಲಸ.

ತಾಮ್ರವನ್ನು ಅದರ ಸ್ವಂತ ಬಣ್ಣದಲ್ಲಿ ನಾನು ನೋಡಿದ್ದು ಒಮ್ಮೆ ಮಾತ್ರ. ಎಷ್ಟು ಹಿಡಿಸುತ್ತದೆ ನೋಡೋಣ ಎಂದು ಒಂದು ಸಣ್ಣ ಲ್ಯಾಡಲ್ಲಿಗೆ ನೂರಕ್ಕೆ ನಾಲ್ಕರಂತೆ ಹಾಕಿಸಿದ್ದೆ. ಬೀಡು ತನ್ನೊಳಗೆ ಕರಗಿಸಿಕೊಳ್ಳುವುದು ಅದಕ್ಕಿಂತ ಕಡಿಮೆ. ನೈಟಲ್ ಹಚ್ಚದ ಬಿಳಿ ಬಯಲಿನಲ್ಲಿ, ಸಂದುಗಳಲ್ಲಿ, ಮಾವಿನ ಚಿಗುರಿನ ಕೆಂಪಿನ ಸಣ್ಣ ಸಣ್ಣ ಚುಕ್ಕೆಗಳು. ಸುಂದರವಾಗಿದ್ದವು. ಕೆಲಸಕ್ಕೆ ಬಾರದ ಎರಕ ಅದು.

ಗಡಸುತನ ಅಳೆಯಲು ಬ್ರಿನೆಲ್ ಯಂತ್ರ ಹತ್ತು ಮಿಲಿಮೀಟರಿನ ಗುಂಡನ್ನು ಮೂರು ಸಾವಿರ ಕಿಲೋ ಭಾರದಲ್ಲಿ ಒತ್ತುತ್ತದೆ. ಉಳಿಯುವ ಕುಳಿಯ ಅಗಲ 4.8 ಮಿಲಿಮೀಟರ್ ಆದರೆ ಅಂಕ 156, 3.8 ಆದರೆ 255. ಎರಡು ಕುಳಿಗಳ ವ್ಯತ್ಯಾಸ ಒಂದೇ ಮಿಲಿಮೀಟರ್. ಬಿಳಿ ತುಂಡೂ ಕಪ್ಪು ತುಂಡೂ ಹೆಚ್ಚು ಕಡಿಮೆ ಈ ಎರಡು ಅಂಚುಗಳಲ್ಲಿ ನಿಂತವು. ಭಾರತೀಯ ಮಾನಕದ ಹೆಸರುಗಳಲ್ಲೇ ಈ ವಿನಿಮಯ ಬರೆದಿದೆ: 400/15 ಎಂದರೆ 400 ಮೆಗಾಪಾಸ್ಕಲ್ ಎಳೆತ ತಡೆಯುವ, ಮುರಿಯುವ ಮುಂಚೆ ನೂರಕ್ಕೆ ಹದಿನೈದು ಹಿಗ್ಗುವ ಬೀಡು, 700/2 ಎಂದರೆ 700 ತಡೆಯುವ, ಎರಡೇ ಹಿಗ್ಗುವ ಬೀಡು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಎರಡನೆಯ ಕುಲದ್ದು ಬೇಕು; ಸವೆಯಬಾರದು, ಬಾಗಬಾರದು. ಹೊಡೆತ ತಿನ್ನುವ, ಹಿಮದ ಚಳಿಯಲ್ಲಿ ನಿಲ್ಲುವ ಭಾಗಕ್ಕೆ ಮೊದಲನೆಯದು. ಅಲ್ಲಿ ಬಿಳಿ ಬಳೆ ಹಬ್ಬಿ ಬಯಲಾಗಲೇಬೇಕು, ತಾಮ್ರ ಬೇಡ.

ಒಂದು ಮಳೆಗಾಲ ಬೇರೊಂದು ಕಡೆಯ ಎರಕದ ತುಂಡು ನನ್ನ ಮೇಜಿಗೆ ಬಂತು. ತಾಮ್ರದ ಲೆಕ್ಕ ಸರಿಯಿತ್ತು, ಪರ್ಲೈಟ್ ಚೆನ್ನಾಗಿತ್ತು, ಎರಕ ಮಾತ್ರ ಹೊಡೆದರೆ ಒಡೆಯುತ್ತಿತ್ತು. ನೈಟಲ್ ಇಲ್ಲದೆ ನೋಡಿದೆ. ಉಂಡೆಗಳು ಉಂಡೆಗಳಾಗಿರಲಿಲ್ಲ. ಕೆಲವು ಒಡೆದ ದಾಳಿಂಬೆಯಂತೆ ಬಾಯಿ ಬಿಟ್ಟಿದ್ದವು, ಕೆಲವಕ್ಕೆ ಜೇಡನ ಕಾಲಿನಂಥ ಮುಳ್ಳುಗಳು ಸಂದುಗಳವರೆಗೆ ಚಾಚಿದ್ದವು. ಗುಜರಿಯಿಂದ ತಂದ ತಂತಿಯನ್ನು ಬೆಸುಗೆ ಸಮೇತ ಹಾಕಿದ್ದರು. ಬೆಸುಗೆಯಲ್ಲಿ ಸೀಸ. ನೂರು ಕಿಲೋ ಮೆಟಲ್ಲಿಗೆ ಕೆಲವೇ ಗ್ರಾಂ ಸೀಸ ಸಾಕು, ಮೆಗ್ನೀಸಿಯಂ ಕಟ್ಟಿದ ಉಂಡೆಗಳನ್ನು ಬಿಚ್ಚಿಹಾಕಲು. ಅಂದಿನಿಂದ ಕಾಕಾ ತಂತಿಯ ಒಂದೊಂದು ತುದಿಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿಯೇ ತೂಗುತ್ತಾರೆ. ಬೂದು ಮಚ್ಚೆ ಕಂಡರೆ ಆಚೆಗೆ ಎಸೆಯುತ್ತಾರೆ.

ಎರಕವನ್ನು ಮರಳಿನಿಂದ ಬೇಗ ಹೊರತೆಗೆದರೆ ಗಾಳಿಗೆ ತಣ್ಣಗಾಗಿ ಪರ್ಲೈಟ್ ಹೆಚ್ಚುತ್ತದೆ, ರಾತ್ರಿಯಿಡೀ ಬಿಟ್ಟರೆ ಫೆರೈಟ್ ಹೆಚ್ಚುತ್ತದೆ. ತೆಳು ಗೋಡೆಗೆ ಒಂದು ಲೆಕ್ಕ, ದಪ್ಪ ಗೋಡೆಗೆ ಒಂದು ಲೆಕ್ಕ. ಇವೆಲ್ಲ ಆ ದಿನದ್ದು ಆ ದಿನಕ್ಕೆ ಮುಗಿಯುವ ಲೆಕ್ಕಗಳು. ತಾಮ್ರದ್ದು ಮುಗಿಯುವುದಿಲ್ಲ. ಎರಕದಿಂದ ಕತ್ತರಿಸಿದ ರೈಸರು, ರನ್ನರುಗಳು ಮತ್ತೆ ಕುಲುಮೆಗೇ ಬರುತ್ತವೆ, ಜೊತೆಗೆ ತಮ್ಮ ತಾಮ್ರವನ್ನೂ ತರುತ್ತವೆ. ಗುಜರಿಯಲ್ಲಿ ಬರುವ ಮೋಟಾರಿನ ಚೂರು, ತಂತಿಯ ಎಳೆ ಅದಕ್ಕೆ ಕೂಡುತ್ತದೆ. ಕರಗಿಸಿ ಸುಟ್ಟು ತೆಗೆಯಲು ಬರುವುದಿಲ್ಲ. ತಾಮ್ರವಿಲ್ಲದ ಕಬ್ಬಿಣ ಬೆರೆಸಿ ತೆಳು ಮಾಡಬಹುದು, ಅಷ್ಟೇ.

ಕಾಕಾ ಅಂಗಳದಲ್ಲಿ ಎರಡು ರಾಶಿ ಮಾಡಿದ್ದಾರೆ. ತಾಮ್ರ ಹಾಕಿದ ಎರಕದ ರೈಸರುಗಳ ಮೇಲೆ ಕೆಂಪು ಬಣ್ಣದ ಒಂದು ಗೀಟು. ಫೌಂಡ್ರಿ ನಡೆಸುವವರು ಇದೊಂದನ್ನು ಮಾಡಿ. 400/15 ಕರಗಿಸುವ ದಿನ ಕೆಂಪು ಗೀಟಿನ ರಾಶಿಗೆ ಕೈ ಹಾಕಬೇಡಿ.